ಬೆಂಚ್ ಪ್ರೆಸ್: ಬಾರ್ ಎದೆ ಮೇಲೆ ಸರಿಯಾಗಿ ಎಲ್ಲಿ ಮುಟ್ಟಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಮೂರನೇ ಸೆಟ್
ಎಲ್ಲರಿಗೂ ನಮಸ್ಕಾರ. ಫ್ಲಾಟ್ ಬಾರ್ಬೆಲ್ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ರಾಡ್ ಎದೆಗೆ ಇಳಿಸಿ ಮೇಲೆ ಒತ್ತೋದು) ಬಗ್ಗೆ ಗೊಂದಲ ಇದೆ. ಕೊರಳೆಲುಬಿನ ಹತ್ತಿರ ಇಳಿಸಿದ್ರೇನೇ ಎದೆಗೆ ಹಿಡಿಯೋದು ಅಂತ ಒಬ್ರು, ಹೊಟ್ಟೆ ಮೇಲ್ಭಾಗಕ್ಕೆ ಇಳಿಸು ಅಂತ ಇನ್ನೊಬ್ರು, ಮೊಲೆತೊಟ್ಟಿನ ಗೆರೆ ಅಂತ ಮತ್ತೊಬ್ರು. ಸದ್ಯ 60 ಕೆಜಿ, 5 ರೆಪ್ಸ್ (ಬಿಡದೆ 5 ಸಲ ಎತ್ತೋದು). ಮೊಣಕೈ ಭುಜದ ನೇರಕ್ಕೆ, ಪಕ್ಕೆಯಿಂದ ಹೆಚ್ಚುಕಮ್ಮಿ 90 ಡಿಗ್ರಿ. ಎಡಭುಜದ ಮುಂದೆ ಚುಚ್ಚಿದ ಹಾಗಾಗುತ್ತೆ. 62.5 ಹಾಕಿದ್ರೆ ಎದೆಯಿಂದ ನಾಲ್ಕೈದು ಬೆರಳು ಮೇಲೆ ಬಂದು ರಾಡ್ ನಿಂತೇ ಬಿಡುತ್ತೆ. ಜಾಗ ಯಾವುದು, ಮೊಣಕೈ ಕೋನ ಎಷ್ಟು? ಎರಡೇ ಪ್ರಶ್ನೆ.

ಸೋಮವಾರ ಚೆಸ್ಟ್ ಡೇ
ಮೊದಲು ಬೆಂಚ್ ಖಾಲಿ ಸಿಗೋ ಜಿಮ್ ಯಾವುದು ಹೇಳಿ ಗುರು, ಆಮೇಲೆ ಜಾಗ ನೋಡೋಣ 😄

ಕಬ್ಬಿಣದ ಕಡಲೆ
ಎದೆ ಮೇಲೆ ಚುಕ್ಕಿ ಇಟ್ಟು ಜಾಗ ಹುಡುಕಬೇಡಿ. ಮುಂಗೈ ನೋಡಿ. ಬಾರ್ ಎದೆಗೆ ಮುಟ್ಟಿರೋ ಕ್ಷಣದಲ್ಲಿ ಮಣಿಕಟ್ಟಿನ ಸರಿಯಾಗಿ ಕೆಳಗೆ ಮೊಣಕೈ ಇರಬೇಕು. ಕಾಲ ಕಡೆಯಿಂದ ನೋಡಿದ್ರೂ, ಪಕ್ಕದಿಂದ ನೋಡಿದ್ರೂ ಮುಂಗೈ ನೆಟ್ಟಗೆ ಕಂಬದ ಹಾಗೆ ನಿಂತಿರಬೇಕು. ಹಾಗೆ ನಿಂತಾಗ ಬಾರ್ ಎಲ್ಲಿ ಮುಟ್ಟುತ್ತೋ ಅದೇ ನಿಮ್ಮ ಜಾಗ. ಹೆಚ್ಚಿನವರಿಗೆ ಅದು ಮೊಲೆತೊಟ್ಟಿನ ಗೆರೆ ಅಥವಾ ಅದಕ್ಕಿಂತ ಒಂದೆರಡು ಬೆರಳು ಕೆಳಗೆ, ಎದೆಮೂಳೆಯ ಕೆಳಭಾಗದಲ್ಲಿ ಬರುತ್ತೆ.

ಮೊಣಕೈಯನ್ನ ದೇಹಕ್ಕೆ ಹತ್ತಿರ ತಂದಷ್ಟೂ ಮುಟ್ಟೋ ಜಾಗ ಹೊಟ್ಟೆ ಕಡೆ ಜಾರುತ್ತೆ, ಹೊರಗೆ ಬಿಟ್ಟಷ್ಟೂ ಕೊರಳ ಕಡೆ ಏರುತ್ತೆ. ಹಾಗಾಗಿ ನೀವು ಕೇಳಿರೋದು ಎರಡು ಪ್ರಶ್ನೆ ಅಲ್ಲ, ಒಂದೇ. 45ರಿಂದ 70 ಡಿಗ್ರಿ ಒಳಗೆ ಎಲ್ಲೋ ಒಂದು ಕಡೆ ನಿಮ್ಮ ಕೈ ಉದ್ದ, ಹಿಡಿತದ ಅಗಲ ನೋಡ್ಕೊಂಡು ಕೂರುತ್ತೆ. 90 ಡಿಗ್ರಿಯಲ್ಲಿ ಕೊರಳಿಗೆ ಇಳಿಸೋ ಪದ್ಧತಿ ಹಳೇ ಬಾಡಿಬಿಲ್ಡಿಂಗ್‌ನದ್ದು. ಎದೆಗೆ ಎಳೆತ ಜಾಸ್ತಿ ಕೊಡುತ್ತೆ, ಆದ್ರೆ ಭಾರ ಏರಿದ ಹಾಗೆ ಭುಜದ ಮುಂಭಾಗ ಬೆಲೆ ತೆರುತ್ತೆ. ನಿಮಗೆ ಚುಚ್ತಿರೋದು ಬಹುಶಃ ಅದೇ.

ಧಾರವಾಡ ಫೇಡೆ
ಕಡಲೆಯವರು ಹೇಳಿದ್ದು ಖರೇ ಐತಿ. ಆದ್ರ ಮೊಣಕೈ ಮಾತು ಆಮ್ಯಾಗ್ರೀ, ಮೊದಲ ಮಲಗೂದು ಸರಿ ಆಗಬೇಕು. ಮಂದಿ ಹಾಸಿಗಿ ಮ್ಯಾಲ ಬಿದ್ದಂಗ ಬೆಂಚ್ ಮ್ಯಾಲ ಬೀಳ್ತಾರ, ರಾಡ್ ಎತ್ತಿ ಬಿಡ್ತಾರ.

ಹಿಂಗ ಮಾಡ್ರಿ. ಮಲಕೊಂಡಾಗ ರಾಡ್ ಕಣ್ಣಿನ ನೇರಕ್ಕ ಇರಬೇಕು. ಅದಕ್ಕಿಂತ ಕಾಲ ಕಡೆ ಜಾರಿದ್ರ, ರಾಡ್ ತೆಗಿಯೂದ್ರೊಳಗ ಕೈ ಹಿಂದಕ್ಕ ಚಾಚಿ ಭುಜ ಸಡ್ಲ ಆಗ್ತದ. ತಲಿ ಕಡೆ ಸರಿದ್ರ, ಮ್ಯಾಲ ಒತ್ತುವಾಗ ರಾಡ್ ಸ್ಟ್ಯಾಂಡಿನ ಕೊಕ್ಕೆಗೆ ಬಡಿತದ. ಆಮ್ಯಾಲೆ ಬೆನ್ನಿನ ರೆಕ್ಕಿ ಎಲುಬು ಎರಡೂ ಹತ್ರ ತಂದು, ಕೆಳಗ ಸೊಂಟದ ಕಡೆ ಜಗ್ರಿ. ಪ್ಯಾಂಟಿನ ಹಿಂದಿನ ಕಿಸೆದಾಗ ತುರುಕಿದಂಗ. ಎದಿ ತಾನ ಎತ್ತರ ಆಗ್ತದ. ಅದನ್ನ ಕಡೀ ರೆಪ್ ತನಕ ಬಿಡಬಾರದು.

ಕಾಲು ಮಣಕಾಲಿಗಿಂತ ಸ್ವಲ್ಪ ಹಿಂದ, ನೆಲಕ್ಕ ಗಟ್ಟಿ. ನಿಮ್ಮನ್ನ ನೀವ ತಲಿ ಕಡೆ ದಬ್ಬಿಕೊಂಡಂಗ ನೆಲ ಒತ್ರಿ. ಮ್ಯಾಲ ಜಿಗಿಯೂದಲ್ಲ, ಹಿಂದಕ್ಕ ದಬ್ಬೂದು. ಮ್ಯಾಲ ಒತ್ತಿದ್ರ ಕುಂಡಿ ಎದ್ದು ಬಿಡ್ತದ.

ಮೂರನೇ ಸೆಟ್
ಹಿಂದಿನ ಕಿಸೆ ಉದಾಹರಣೆ ಸೂಪರ್ ರೀ. ಆದ್ರೆ ರಾಡ್ ಎತ್ತೋವಾಗಲೇ ಆ ಬಿಗಿ ಹೋಗಿಬಿಡುತ್ತಲ್ಲ?

ಧಾರವಾಡ ಫೇಡೆ
ಸ್ಟ್ಯಾಂಡ್ ಎತ್ತರ ಹೆಚ್ಚಾಗಿರ್ತದ. ಕೊಕ್ಕೆದಾಗ ರಾಡ್ ಇದ್ದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಸೆಟೆದ್ರ ಮೂರ್ನಾಲ್ಕು ಬೆರಳಷ್ಟ ರಾಡ್ ಏಳಬೇಕು. ಅಷ್ಟ ಸಾಕು. ಅದಕ್ಕಿಂತ ಮ್ಯಾಲ ಇಟ್ರ ಭುಜ ಚಾಚಿ ತೆಗಿಬೇಕಾಗ್ತದ, ಅಲ್ಲೇ ಕೆಲಸ ಕೆಡ್ತದ. ಎತ್ತೂದಲ್ರೀ, ಡ್ರಾಯರ್ ಎಳದಂಗ ಹೊರಗ ಎಳಿಯೂದು. ಭುಜದ ಕೀಲಿನ ನೇರಕ್ಕ ಬಂದ ಮ್ಯಾಲ ಒಂದು ಕ್ಷಣ ನಿಂದ್ರಿಸಿ, ಉಸಿರು ತುಂಬಿಕೊಂಡು ಆಮ್ಯಾಲೆ ಇಳಸ್ರಿ.

ನೇರ ಗೆರೆ
ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಎರಡು ಬಿಂದುಗಳ ನಡುವೆ ಕಡಿಮೆ ದೂರ ಅಂದ್ರೆ ನೇರ ಗೆರೆ. ಎದೆ ಮಧ್ಯಕ್ಕೆ ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ. ರಾಡ್ ಕಂಬಿಯಲ್ಲೇ ಮೇಲೆ ಕೆಳಗೆ ಜಾರೋ ಸ್ಮಿತ್ ಮಷೀನ್‌ನಲ್ಲಿ ಅದೇ ತಾನೆ ಆಗೋದು.

ಕಬ್ಬಿಣದ ಕಡಲೆ
ಅದು ಸ್ಮಿತ್ ಮಷೀನಿನ ಕಂಬಿಗೆ ಸರಿ, ಭುಜಕ್ಕಲ್ಲ. ನೋಡಿ, ಮೇಲೆ ಕೈ ಸೆಟೆದಾಗ ಬಾರ್ ಭುಜದ ಕೀಲಿನ ಸರಿಯಾಗಿ ಮೇಲೆ ನಿಂತ್ರೆ ಭಾರ ಮೂಳೆ ಮೇಲೆ ಕೂರುತ್ತೆ, ಸ್ನಾಯುಗೆ ಸುಸ್ತಿಲ್ಲ. ಕೆಳಗೆ ಎದೆಗೆ ಮುಟ್ಟೋ ಜಾಗ ಭುಜದ ಕೀಲಿಗಿಂತ ಸುಮಾರು ಒಂದು ಹಿಡಿಯಷ್ಟು ಕಾಲ ಕಡೆ ಇರುತ್ತೆ. ಮೇಲಿನ ಬಿಂದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ನೆಟ್ಟಗೆ ಹೇಗೆ ಬರುತ್ತೆ? ನೆಟ್ಟಗೆ ಎತ್ತಿದ್ರೆ ಮೇಲೆ ಬಂದಾಗಲೂ ಬಾರ್ ಹೊಟ್ಟೆ ಕಡೆಯೇ ತೂಗಾಡ್ತಿರುತ್ತೆ, ಉದ್ದ ಸನ್ನೆಯ ತುದಿಗೆ ಭಾರ ಕಟ್ಟಿದ ಹಾಗೆ. ಭುಜದ ಮುಂದಿನ ಸ್ನಾಯು ಒಂದೇ ಅದನ್ನ ಹೊರಬೇಕು.

ಇಳಿಸೋವಾಗ ಓರೆಯಾಗಿ ಕೆಳಗೆ ಮತ್ತು ಕಾಲ ಕಡೆ. ಎತ್ತೋವಾಗ ಮೊದಲು ಎದೆ ಬಿಡಿಸಿ, ತಕ್ಷಣ ಮುಖದ ಕಡೆ ಓರೆ. ಮೂಲ ಪ್ರಶ್ನೆ ಕೇಳಿದವರಿಗೆ ನಾಲ್ಕು ಬೆರಳಲ್ಲಿ ನಿಲ್ಲೋದು ಅಲ್ಲೇ. ಬಲ ಸಾಲದೆ ಅಲ್ಲ, ದಾರಿ ತಪ್ಪಿ.

ನೇರ ಗೆರೆ
ಅಂದ್ರೆ ಮುಖದ ಮೇಲೆ ರಾಡ್ ತರಬೇಕು ಅಂತೀರಾ. ಬಿದ್ರೆ ಹಲ್ಲು ಸೆಟ್ ನೀವು ಕೊಡಿಸ್ತೀರಾ?

ಕಬ್ಬಿಣದ ಕಡಲೆ
ಮುಖದ ಮೇಲೆ ಅಲ್ಲ ಸ್ವಾಮಿ, ಮುಖದ *ಕಡೆ*. ನಿಲ್ಲೋದು ಭುಜದ ಮೇಲೆ.

ಪಣಂಬೂರು ಪವರ್
ಹಿಡಿತದ ಬಗ್ಗೆ ಯಾರೂ ಹೇಳ್ಲೇ ಇಲ್ಲ ಅಲ್ವಾ. ಬಾರಿನ ಮೇಲೆ ಎರಡು ಕಡೆ ನುಣ್ಣಗಿನ ಉಂಗುರದ ಗುರುತು ಉಂಟು. ಪವರ್‌ಲಿಫ್ಟಿಂಗ್ ಬಾರ್ ಆದ್ರೆ ಅದರ ನಡುವೆ 81 ಸೆಂಮೀ. ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್) ನಿಯಮದಲ್ಲಿ ಎರಡು ತೋರುಬೆರಳ ನಡುವೆ ಅದಕ್ಕಿಂತ ಅಗಲ ಹಿಡಿಯೋ ಹಾಗಿಲ್ಲ. ವೇಟ್‌ಲಿಫ್ಟಿಂಗ್ ಬಾರಲ್ಲಿ ಆ ಗುರುತು ಇನ್ನೂ ಹೊರಗೆ, 91 ಸೆಂಮೀ. ಯಾವ ಬಾರ್ ಅಂತ ನೋಡದೆ "ಗುರುತಿಗೆ ಕಿರುಬೆರಳು ಇಡು" ಅಂತ ಹೇಳಿದ್ರೆ ಒಂದೊಂದು ಜಿಮ್ಮಲ್ಲಿ ಒಂದೊಂದು ಹಿಡಿತ ಆಗ್ತದೆ ಮಾರಾಯ್ರೆ. 81ರ ಬಾರಲ್ಲಿ ಕಿರುಬೆರಳು ಅಥವಾ ಉಂಗುರಬೆರಳು ಗುರುತಿನ ಮೇಲೆ ಇಟ್ಟು ಶುರು ಮಾಡಿ, ಮತ್ತೆ ಮುಂಗೈ ನೆಟ್ಟಗೆ ಬರುವ ಹಾಗೆ ಅರ್ಧ ಅರ್ಧ ಬೆರಳು ಸರಿಸಿ.

ರಾಡ್ ಬೆರಳಿನ ಬುಡದಲ್ಲಿ ಕೂರ್ಲಿಕ್ಕಿಲ್ಲ. ಅಂಗೈಯ ಕೆಳಗೆ, ಹೆಬ್ಬೆರಳಿನ ದಪ್ಪ ಮಾಂಸದ ಬುಡದಲ್ಲಿ, ಮಣಿಕಟ್ಟಿನ ಎಲುಬಿನ ನೇರ ಮೇಲೆ ಕೂರಬೇಕು. ಕೈಯನ್ನ ಚೂರು ಒಳಗೆ ತಿರುಗಿಸಿ ಹಿಡಿದ್ರೆ ಅದೇ ಸರಿಯಾಗಿ ಕೂರ್ತದೆ. ಬೆರಳ ಬುಡಕ್ಕೆ ಹೋದ್ರೆ ಮಣಿಕಟ್ಟು ಹಿಂದಕ್ಕೆ ಮಡಚಿ ನೋವು ಶುರು, ಆಮೇಲೆ ಎಲ್ಲರೂ ಪಟ್ಟಿ ಕಟ್ಲಿಕ್ಕೆ ಓಡ್ತಾರೆ. ಪಟ್ಟಿ ಕಟ್ಟಿದ್ರೂ ಹಿಡಿತ ತಪ್ಪಿದ್ರೆ ತಪ್ಪೇ.

ಸೋಮವಾರ ಚೆಸ್ಟ್ ಡೇ
ಹೆಬ್ಬೆರಳು ಸುತ್ತದೆ ಹಿಡಿದ್ರೆ ಮಣಿಕಟ್ಟು ಆರಾಮಾಗಿರುತ್ತೆ ಅಂತಾರಲ್ಲ, ಅದು?

ಪಣಂಬೂರು ಪವರ್
ಬೇಡ. ಅದಕ್ಕೆ ಸೂಸೈಡ್ ಗ್ರಿಪ್ ಅಂತ ಸುಮ್ಮನೆ ಹೆಸರು ಬಿದ್ದದ್ದಲ್ಲ. ಬೆವರಿದ ಕೈ, ಸವೆದ ರಾಡ್, ಮಂಗಳೂರಿನ ಸೆಕೆ. ಜಾರಿದ್ರೆ ಬೀಳುವುದು ಎದೆಗೆ ಇಲ್ಲ ಕುತ್ತಿಗೆಗೆ. ಸ್ಪರ್ಧೆಯಲ್ಲೂ ಹೆಬ್ಬೆರಳು ಸುತ್ತದಿದ್ರೆ ಬಿಡುವುದಿಲ್ಲ.

ಎಡಿಸನ್ ಗೌಡ್ರು
ಇಲ್ಲಿ ಅಮೆರಿಕದಲ್ಲಿ "ಒಂದು ಪ್ಲೇಟ್" ಅಂದ್ರೆ ಎರಡೂ ಕಡೆ 45 ಪೌಂಡ್, ಬಾರ್ ಸೇರಿ 135 ಪೌಂಡ್. ಅಂದ್ರೆ ಸುಮಾರು 61 ಕೆಜಿ. ನಮ್ಮೂರಲ್ಲಿ ಒಂದು ಪ್ಲೇಟ್ ಅಂದ್ರೆ 20ರ ಪ್ಲೇಟ್, 60 ಕೆಜಿ. ಹತ್ತಿರ ಹತ್ತಿರ ಒಂದೇ. ಆದ್ರೆ ಊರಿನ ಜಿಮ್‌ಗಳಲ್ಲಿ ರಾಡ್ 20 ಕೆಜಿ ಅಂತ ಎಲ್ಲರೂ ಲೆಕ್ಕ ಹಾಕ್ತಾರಲ್ಲ, ಅದು ಸರಿಯಾ?

ಧಾರವಾಡ ಫೇಡೆ
ಎಲ್ಲಿ 20 ತಂದ್ರಿ. ಪೂರಾ 20 ಇರೂದು 7 ಫೂಟಿನ ಒಲಿಂಪಿಕ್ ಬಾರು: 2.2 ಮೀಟರ್ ಉದ್ದ, ಪ್ಲೇಟ್ ಹಾಕೂ ತುದಿ 50 ಮಿಮೀ ದಪ್ಪ, ತಿರುಗ್ತದ. ತೆಳ್ಳಗಿನ 5 ಫೂಟಿನ ರಾಡು ಅದರ ಅರ್ಧಾನೂ ತೂಗೂದಿಲ್ಲ. ಕಿರಾಣಿ ಅಂಗಡ್ಯಾಗ ಚೀಲ ತೂಗೂ ತಕ್ಕಡಿ ಮ್ಯಾಲ ಇಟ್ಟು ನೋಡ್ರಿ, ನಿಮ್ಮ 60 ಎಷ್ಟ ಅಂತ ಗೊತ್ತಾಗ್ತದ.

ಮೂರನೇ ಸೆಟ್
ಬೇಡ ರೀ ಮರ್ಯಾದೆ ಹೋಗುತ್ತೆ. ಇದು 7 ಅಡಿದೇ, ನೋಡಿದೀನಿ.

ಫಿಸಿಯೋ ಅಕ್ಕ
ಭುಜ ಚುಚ್ಚೋದರ ಬಗ್ಗೆ. ತೋಳು 90 ಡಿಗ್ರಿಗೆ ಹೊರಗೆ ಚಾಚಿ, ರೆಕ್ಕೆ ಮೂಳೆ ಸಡಿಲ ಬಿಟ್ಟು ಭಾರ ಇಳಿಸಿದಾಗ ಮೇಲ್ತೋಳಿನ ಮೂಳೆಯ ತಲೆ ಕೀಲಿನಲ್ಲಿ ಮುಂದಕ್ಕೆ ಒತ್ತಿಕೊಳ್ಳುತ್ತೆ. ಅಲ್ಲಿರೋ ಬೈಸೆಪ್ಸ್‌ನ ಸ್ನಾಯುರಜ್ಜು, ರೊಟೇಟರ್ ಕಫ್ (ಭುಜದ ಕೀಲನ್ನ ಹಿಡಿದಿಡೋ ಸ್ನಾಯುಗಳು) ಎರಡಕ್ಕೂ ತಿಕ್ಕಾಟ. ಮೊಣಕೈ ಬೆಂಚ್ ಮಟ್ಟಕ್ಕಿಂತ ತುಂಬಾ ಕೆಳಗೆ ಹೋದ್ರೆ ಇನ್ನೂ ಜಾಸ್ತಿ. ಎದೆಗೂಡು ಎತ್ತರ ಇದ್ರೆ ಬಾರ್ ಬೇಗ ಎದೆಗೆ ಮುಟ್ಟುತ್ತೆ, ಮೊಣಕೈ ಅಷ್ಟು ಕೆಳಗೆ ಹೋಗಲ್ಲ. ಬೆನ್ನು ಹೊಂದಿಸೋದು ಭುಜ ಉಳಿಸೋ ಕೆಲಸವೂ ಹೌದು ಅನ್ನೋದು ಅದಕ್ಕೇ.

ಈಗ ಏನು ಮಾಡಬಹುದು ಅಂದ್ರೆ: ಎರಡು ಮೂರು ವಾರ ಭಾರ ಇಳಿಸಿ 40–45 ಕೆಜಿಗೆ ಬನ್ನಿ, ಹಿಡಿತ ಒಂದು ಬೆರಳು ಒಳಗೆ, ಮೊಣಕೈ 60 ಡಿಗ್ರಿ ಆಸುಪಾಸು, ಇಳಿಸೋಕೆ ಪೂರ್ತಿ ಎರಡು ಸೆಕೆಂಡ್. ಚುಚ್ಚು ಬಂದ್ರೆ ಅಲ್ಲೇ ನಿಲ್ಲಿಸಿ. ಡಂಬೆಲ್‌ನಲ್ಲಿ ಅಂಗೈ ಒಂದಕ್ಕೊಂದು ಎದುರಾಗಿ ಹಿಡಿದು ಒತ್ತಿದ್ರೆ ನೋವಿಲ್ಲ ಅನ್ನೋದಾದ್ರೆ ಸದ್ಯಕ್ಕೆ ಅದನ್ನೇ ಮಾಡಿ. ರಾತ್ರಿ ಆ ಮಗ್ಗುಲಾಗಿ ಮಲಗಿದ್ರೆ ನೋವು, ಕೈ ಎತ್ತೋಕೆ ಬಲ ಇಲ್ಲ, ಬೆರಳು ಜೋಮು ಹಿಡಿಯೋದು, ಇವುಗಳಲ್ಲಿ ಒಂದಿದ್ರೂ ಇಲ್ಲಿ ಕೇಳ್ತಾ ಕೂರಬೇಡಿ, ಮೂಳೆ ವೈದ್ಯರ ಹತ್ತಿರ ಹೋಗಿ. ಇಳಿಸೋವಾಗ ಎದೆಯಿಂದ ಕಂಕುಳ ಕಡೆ "ಫಟ್" ಅಂದು ಆಮೇಲೆ ತೋಳು ನೀಲಿಗಟ್ಟಿದ್ರಂತೂ ಅದೇ ದಿನ. ಎದೆ ಸ್ನಾಯು ಹರಿಯೋದು ಹೆಚ್ಚಾಗಿ ಬೆಂಚ್ ಪ್ರೆಸ್‌ನಲ್ಲೇ, ಅದೂ ಭಾರ ಇಳಿಸೋ ಹಂತದಲ್ಲಿ.

ನಜರ್‌ಬಾದ್ ಪೈಲ್ವಾನ್
ಗರಡಿಯಲ್ಲಿ ದಂಡ ಹೊಡೆದೋರಿಗೆ ಈ ಭುಜದ ನೋವೇ ಇರಲಿಲ್ಲ. ಬೆಂಚು ಬಂತು, ನೋವು ಬಂತು.

ಫಿಸಿಯೋ ಅಕ್ಕ
ನೋವೇ ಇರಲಿಲ್ಲ ಅನ್ನೋದನ್ನ ಒಪ್ಪಲ್ಲ ಅಣ್ಣ, ಹಳೇ ಪೈಲ್ವಾನರ ಭುಜಗಳ ಕಥೆ ಬೇರೆಯೇ ಇದೆ. ಆದ್ರೆ ನೀವು ಹೇಳಿದ್ದರಲ್ಲಿ ಒಂದು ಅಂಶ ನಿಜ. ದಂಡ, ಪುಷ್ಅಪ್‌ನಲ್ಲಿ ರೆಕ್ಕೆ ಮೂಳೆ ಪಕ್ಕೆಲುಬಿನ ಮೇಲೆ ಆರಾಮಾಗಿ ಜಾರುತ್ತೆ. ಬೆಂಚ್‌ನಲ್ಲಿ ಅದನ್ನ ಬೇಕಂತಲೇ ಕಟ್ಟಿಹಾಕ್ತೀವಿ. ವರ್ಷಗಟ್ಟಲೆ ಬರೀ ಬೆಂಚ್ ಮಾಡಿದ್ರೆ ಆ ಜಾರಾಟಕ್ಕೆ ಬೇಕಾದ ಸ್ನಾಯು ಸೋಮಾರಿಯಾಗುತ್ತೆ. ವಾರಕ್ಕೆ ಎರಡು ಸಲ ಕೊನೆಯಲ್ಲಿ ಎರಡು ಸೆಟ್ ದಂಡ ಸೇರಿಸಿದ್ರೆ ಒಳ್ಳೇದೇ. ಬೆಂಚ್‌ನಷ್ಟೇ ಸೆಟ್ ರೋಯಿಂಗ್ (ಭಾರವನ್ನ ದೇಹದ ಕಡೆ ಎಳೆಯೋ ವ್ಯಾಯಾಮ) ಕೂಡ.

ಸೋಮವಾರ ಚೆಸ್ಟ್ ಡೇ
ಕುಂದಾಪುರದ ಗುರುರಾಜ ಪೂಜಾರಿ ಬೆಂಚ್ ಎಷ್ಟು ಹೊಡೀತಾರೆ ಯಾರಿಗಾದ್ರೂ ಗೊತ್ತಾ? ಕಾಮನ್‌ವೆಲ್ತ್ ಮೆಡಲ್ ಅಂದ್ರೆ 150 ಇರಬೇಕು.

ಪಣಂಬೂರು ಪವರ್
ಅಯ್ಯೋ. ಅವರದ್ದು ವೇಟ್‌ಲಿಫ್ಟಿಂಗ್ ಮಾರಾಯ್ರೆ! ಸ್ನ್ಯಾಚ್, ಕ್ಲೀನ್ ಆ್ಯಂಡ್ ಜರ್ಕ್ ಎರಡೇ. 2018ರಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಬಂದದ್ದು ಎರಡೂ ಸೇರಿ 249 ಕೆಜಿಗೆ. ಬೆಂಚ್ ಇರುವುದು ಪವರ್‌ಲಿಫ್ಟಿಂಗ್‌ನಲ್ಲಿ, ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ ಜೊತೆ. ಎರಡನ್ನೂ ಒಂದೇ ಮಾಡ್ಬೇಡಿ, ನಮ್ಮೂರಲ್ಲಿ ಜಗಳ ಆಗ್ತದೆ.

ಬೆಂಚ್ ಮಾತ್ರ ಇರುವ ಆಟ ಬೇಕಾದ್ರೆ ಪ್ಯಾರಾ ಪವರ್‌ಲಿಫ್ಟಿಂಗ್ ನೋಡಿ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಜಿಂದರ್ ಸಿಂಗ್ ರಹೇಲು 56 ಕೆಜಿ ವಿಭಾಗದಲ್ಲಿ ಕಂಚು ತಂದದ್ದು ಬೆಂಚ್ ಪ್ರೆಸ್‌ನಲ್ಲೇ. ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ 2016ರಲ್ಲಿ ರಿಯೋಗೆ ಹೋದದ್ದೂ ಅದರಲ್ಲೇ. ಕಾಲು ಬೆಂಚ್ ಮೇಲೇ ಚಾಚಿರ್ತದೆ, ಪಟ್ಟಿ ಕಟ್ಟಿರ್ತದೆ. ನೆಲ ಒತ್ತುವ ಪ್ರಶ್ನೆಯೇ ಇಲ್ಲ. ಕಾಲಿನ ಬಲ ಇಲ್ಲದೆ ರೆಕ್ಕೆ ಮೂಳೆ, ಎದೆಗೂಡು, ಉಸಿರು ಇಷ್ಟರಲ್ಲೇ ಎತ್ತುವುದು. ಬೆನ್ನು ಬಿಗಿ ಹಿಡಿಯುವುದು ಅಂದ್ರೇನು ಅಂತ ಅವರ ವಿಡಿಯೋ ನೋಡಿ ಕಲೀಬೇಕು.

ನೇರ ಗೆರೆ
ಬೆನ್ನು ಅಂದಾಗ ನೆನಪಾಯ್ತು. ಸೇತುವೆ ಥರ ಬಾಗಿಸಿ ನಾಲ್ಕು ಬೆರಳು ಇಳಿಸಿ ಎತ್ತೋದು ಬೆಂಚ್ ಪ್ರೆಸ್ಸಾ? ಶುದ್ಧ ಚೀಟಿಂಗ್. ಸೊಂಟ ಮುರಿಯೋದು ಬೇರೆ.

ಕಬ್ಬಿಣದ ಕಡಲೆ
ಇದರಲ್ಲಿ ಅರ್ಧ ಒಪ್ತೀನಿ. ಆ ಅತಿರೇಕಕ್ಕೆ ಐಪಿಎಫ್ ಅವರೇ 2023ರ ಜನವರಿಯಿಂದ ಕಡಿವಾಣ ಹಾಕಿದ್ರು. ಬಾರ್ ಎದೆಯಲ್ಲಿದ್ದಾಗ ಮೊಣಕೈಯ ಅಡಿಭಾಗ ಭುಜದ ಕೀಲಿನ ಮೇಲ್ಮೈ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರಬೇಕು, ಇಲ್ಲಾಂದ್ರೆ ಕೆಂಪು ದೀಪ. ಆದ್ರೆ ಸಾಮಾನ್ಯ ಬಾಗು ಚೀಟಿಂಗ್ ಅಲ್ಲ. ಬಾಗಬೇಕಾದ್ದು ಸೊಂಟ ಅಲ್ಲ, ಬೆನ್ನಿನ ಮೇಲ್ಭಾಗ. ರೆಕ್ಕೆ ಮೂಳೆ ಹಿಂದಕ್ಕೆ ಎಳೆದ್ರೇನೇ ಅರ್ಧ ಬಾಗು ಬಂದುಬಿಡುತ್ತೆ. ಬಾರಿನ ಭಾರ ಕೂರೋದೂ ಅಲ್ಲೇ, ಬೆನ್ನಿನ ಮೇಲ್ಭಾಗದಲ್ಲಿ. ಸ್ಕ್ವಾಟ್‌ನ ಹಾಗೆ ಬೆನ್ನುಮೂಳೆ ಉದ್ದಕ್ಕೂ ಒತ್ತಲ್ಲ. ಸೊಂಟದ ಕೆಳಗೆ ಒಂದು ಅಂಗೈ ತೂರುವಷ್ಟು ಜಾಗ ಇದ್ರೆ ಯಾರ ಸೊಂಟವೂ ಮುರಿಯಲ್ಲ.

ನೇರ ಗೆರೆ
ಅರ್ಧ ಒಪ್ಪಿದ್ರಲ್ಲ, ಸಾಕು.

ರಾಗಿಮುದ್ದೆ 70
ಉಸಿರು ಯಾವಾಗ ಬಿಡೋದು? ಎತ್ತೋವಾಗ ಬಿಡಬೇಕು ಅಂತ ಎಲ್ಲಾ ಕಡೆ ಬೋರ್ಡ್ ಹಾಕಿರ್ತಾರೆ.

ಕಬ್ಬಿಣದ ಕಡಲೆ
ಹಗುರ ಭಾರಕ್ಕೆ ಆ ಬೋರ್ಡ್ ಸಾಕು. ಭಾರ ಜಾಸ್ತಿಯಾದ್ರೆ ಮೇಲೆ ಕೈ ಸೆಟೆದಿರೋವಾಗ ಹೊಟ್ಟೆ ತುಂಬಾ ಉಸಿರೆಳೆದು, ಕಟ್ಟಿ, ಹಾಗೇ ಇಳಿಸಿ. ಎದೆಗೂಡು ತುಂಬಿದ ಚೀಲದ ಹಾಗೆ ಗಟ್ಟಿ ನಿಂತಿರುತ್ತೆ. ಎದೆಯಿಂದ ಬಿಡಿಸೋ ಮೊದಲೇ ಉಸಿರು ಬಿಟ್ರೆ ಎದೆ ಎರಡು ಬೆರಳು ಕುಸಿದು ಬಾರ್ ಮುಳುಗುತ್ತೆ. ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ಬಿಪಿ ಇರೋರು ಮಾತ್ರ ಉಸಿರು ಕಟ್ಟೋ ಈ ಪದ್ಧತಿ ಡಾಕ್ಟರನ್ನ ಕೇಳದೆ ಮಾಡಬಾರದು.

ರಾಗಿಮುದ್ದೆ 70
ಥ್ಯಾಂಕ್ಸ್. ಮುದ್ದೆ ತಿಂದು ಎಷ್ಟು ಹೊತ್ತಿಗೆ ಬೆಂಚ್ ಮಾಡಬಹುದು?

ಧಾರವಾಡ ಫೇಡೆ
ಮುದ್ದಿ ತಿಂದು ಉಸಿರು ಕಟ್ಟಿದ್ರ ಮುದ್ದಿನ ಹೊರಗ ಬರ್ತದ್ರೀ. ಎರಡು ತಾಸು ಬಿಡ್ರಿ.

ಮೂರನೇ ಸೆಟ್
ವಿಡಿಯೋ ಹಾಕಿದೀನಿ, ಪಕ್ಕದಿಂದ, ಬೆಂಚಿನ ಎತ್ತರಕ್ಕೇ ಫೋನ್ ಇಟ್ಟು. 50 ಕೆಜಿ, 5 ರೆಪ್ಸ್. ನೋಡಿ ಹೇಳಿ, ಬೈದ್ರೂ ಪರವಾಗಿಲ್ಲ.

ಕಬ್ಬಿಣದ ಕಡಲೆ
ಮೂರು ಸಲ ನೋಡಿದೆ.

0:04: ರಾಡ್ ತೆಗೆಯೋವಾಗ ನೋವಿಲ್ಲದ ಬಲಭುಜ ಬೆಂಚ್ ಬಿಟ್ಟು ಎದ್ದಿದೆ. ಕೊಕ್ಕೆ ಒಂದು ತೂತು ಕೆಳಗಿಳಿಸಿ.

0:09: ಮೊದಲ ರೆಪ್. ಇಳಿಯೋದು ಚೆನ್ನಾಗಿದೆ, ಮುಟ್ಟಿದ್ದು ಮೊಲೆತೊಟ್ಟಿಗಿಂತ ನಾಲ್ಕು ಬೆರಳು ಮೇಲೆ. ಅಲ್ಲೇ ವಿಡಿಯೋ ನಿಲ್ಲಿಸಿ ನೋಡಿ. ಬಾರ್ ಇರೋ ಜಾಗಕ್ಕೂ ಮೊಣಕೈ ತುದಿಗೂ ನೇರ ಇಲ್ಲ, ಬಾರ್ ತಲೆ ಕಡೆ ಇದೆ, ಮೊಣಕೈ ಸೊಂಟದ ಕಡೆ ಇದೆ. ಮುಂಗೈ ತಲೆ ಕಡೆ ವಾಲಿದೆ. ಈ ಸ್ಥಿತಿಯಲ್ಲಿ ಎದೆಯಿಂದ ಒತ್ತೋದು ಅರ್ಧ ಟ್ರೈಸೆಪ್ಸ್ ಎಕ್ಸ್‌ಟೆನ್ಶನ್ (ತೋಳಿನ ಹಿಂಭಾಗದ ಸ್ನಾಯುವಿಂದ ಮೊಣಕೈ ಸೆಟೆಸೋ ವ್ಯಾಯಾಮ) ಆಗುತ್ತೆ. 62.5 ಅಲ್ಲೇ ನಿಲ್ಲೋದು ಸಹಜ.

0:17: ಮೂರನೇ ರೆಪ್. ಹಿಮ್ಮಡಿ ಎದ್ದಿದೆ, ಅದರ ಹಿಂದೇನೇ ಕುಂಡಿಯೂ ಎದ್ದಿದೆ. ಐದನೇ ರೆಪ್‌ನಲ್ಲಿ ಎದೆಗೆ ಬಡಿದು ಪುಟಿಸಿದ್ದೀರಿ.

ಮಾಡಬೇಕಾದ್ದು ಒಂದೇ: ಮುಟ್ಟೋ ಜಾಗ ಮೂರು ಬೆರಳು ಕೆಳಗೆ ತನ್ನಿ. ಉಳಿದದ್ದು ಆಮೇಲೆ. ಒಂದೇ ಸಲಕ್ಕೆ ಆರು ತಿದ್ದೋಕೆ ಹೋದ್ರೆ ಒಂದೂ ತಿದ್ದಲ್ಲ.

ಫಿಸಿಯೋ ಅಕ್ಕ
ಆ ಬಲಭುಜ ಏಳೋದು ನೋಡಿದ್ರಾ, ನೋವಿರೋದು ಎಡಕ್ಕೆ. ಬಲ ಸಡಿಲ ಆದಾಗ ಬಾರ್ ಓರೆಯಾಗಿ ಎಡಕ್ಕೆ ಜಾಸ್ತಿ ಆಳ ಹೋಗ್ತಿದೆ. ಮುಂದಿನ ವಿಡಿಯೋ ಕಾಲ ಕಡೆಯಿಂದ ತೆಗೀರಿ, ಖಚಿತವಾಗುತ್ತೆ.

ಧಾರವಾಡ ಫೇಡೆ
ಎದಿಗೆ ಬಡದು ಪುಟಿಸೂದು ಬಿಡಸಾಕ ಒಂದು ಉಪಾಯ. ಪ್ರತಿ ರೆಪ್ಪಿಗೂ ಎದಿ ಮ್ಯಾಲ ರಾಡ್ ಒಂದು ಪೂರಾ ಸೆಕೆಂಡ್ ನಿಂದ್ರಿಸ್ರಿ. ಮಲಗಿಸೂದಲ್ಲ, ಅಂಗಿ ಮ್ಯಾಲ ಇಟ್ಟಂಗ. 45 ಕೆಜಿಲೆ 5 ಸೆಟ್, ಮೂರು ಮೂರು ರೆಪ್. ಎದಿಯಿಂದ ಬಿಡಿಸೂ ಬಲ ಅದರಿಂದ ಬರ್ತದ.

ಪಣಂಬೂರು ಪವರ್
ಸ್ಪರ್ಧೆಯಲ್ಲಿ ಹಾಗೇ. "ಸ್ಟಾರ್ಟ್" ಅಂದ್ಮೇಲೆ ಇಳಿಸಬೇಕು, ಎದೆ ಮೇಲೆ ರಾಡ್ ಅಲುಗದೆ ನಿಂತ್ಮೇಲೆ "ಪ್ರೆಸ್", ಎತ್ತಿ ಸೆಟೆದ್ಮೇಲೆ "ರ್ಯಾಕ್". ಎಷ್ಟೋ ಜನ ಎತ್ತಿ ಮುಗಿಸಿ ಖುಷಿಯಲ್ಲಿ ಕೊನೆಯ ಮಾತಿಗೆ ಕಾಯದೆ ರಾಡ್ ಇಟ್ಟು ಫೌಲ್ ಆಗ್ತಾರೆ.

ಎಡಿಸನ್ ಗೌಡ್ರು
ಒಬ್ಬರೇ ಮಾಡೋವಾಗ ಪ್ಲೇಟಿಗೆ ಲಾಕ್ ಹಾಕಬೇಕಾ ಬೇಡ್ವಾ? ಇದಕ್ಕೆ ಒಮ್ಮತದ ಉತ್ತರ ಎಲ್ಲೂ ಸಿಕ್ಕಿಲ್ಲ.

ಕಬ್ಬಿಣದ ಕಡಲೆ
ಪಕ್ಕದಲ್ಲಿ ತಡೆಕಂಬಿ ಇರೋ ರ್ಯಾಕ್ ಇದ್ರೆ ಲಾಕ್ ಹಾಕಿ. ಎದೆ ಎತ್ತಿದಾಗ ಬಾರ್ ಎದೆಗೆ ಮುಟ್ಟಬೇಕು, ಎದೆ ಕುಸಿಸಿದಾಗ ಕಂಬಿ ಮೇಲೆ ಕೂರಬೇಕು, ಆ ಎತ್ತರಕ್ಕೆ ಕಂಬಿ ಇಡಿ. ಖಾಲಿ ರಾಡ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿ. ಕಂಬಿ ಇಲ್ಲ, ಹಿಂದೆ ಯಾರೂ ಇಲ್ಲ ಅಂದ್ರೆ ಲಾಕ್ ಬೇಡ. ಸಿಕ್ಕಿಹಾಕಿಕೊಂಡ್ರೆ ಒಂದು ಕಡೆ ವಾಲಿಸಿ ಪ್ಲೇಟ್ ಉದುರಿಸಬಹುದು. ಆ ಕಡೆ ಉದುರಿದ ತಕ್ಷಣ ಈ ಕಡೆ ಧಡ್ ಅಂತ ಬೀಳುತ್ತೆ, ಪಕ್ಕದಲ್ಲಿ ಮನುಷ್ಯರಿಲ್ಲ ಅಂತ ನೋಡ್ಕೊಳ್ಳಿ. ಹಗುರ ಇದ್ರೆ ಹೊಟ್ಟೆ ಮೇಲೆ ಉರುಳಿಸಿ ತೊಡೆ ಸಂದಿಗೆ ತಂದು ಎದ್ದು ಕೂರೋದು ಇನ್ನೊಂದು ದಾರಿ.

ಸೋಮವಾರ ಚೆಸ್ಟ್ ಡೇ
ಹಿಂದೆ ನಿಲ್ಲೋನು "ಏನೂ ಇಲ್ಲ ನೀನೇ ಮಗಾ ನೀನೇ" ಅಂತ ರಾಡ್ ಹಿಡ್ಕೊಂಡೇ ಇರ್ತಾನೆ. ಅವನಿಗೆ ಬ್ಯಾಕ್ ಡೇ, ನಮಗೆ ಚೆಸ್ಟ್ ಡೇ.

ಧಾರವಾಡ ಫೇಡೆ
😂 ಅದು ಬರೋಬ್ಬರಿ. ಸ್ಪಾಟರಿಗೆ ಮೊದಲ ಹೇಳ್ರಿ: ಎಷ್ಟು ರೆಪ್, ರಾಡ್ ತೆಗಿಯಾಕ ಸಹಾಯ ಬೇಕೋ ಬ್ಯಾಡೋ, ರಾಡ್ ಕೆಳಗ ಇಳಿಯಾಕ ಹತ್ತಿದ್ರ ಮಾತ್ರ ಮುಟ್ಟು. ನಿಂತ ರಾಡ್ ಮುಟ್ಟಿದ್ರ ಅದು ರೆಪ್ ಅಲ್ಲ.

ರಾಗಿಮುದ್ದೆ 70
ಮುಗಿದ ಮೇಲೆ ಪ್ಲೇಟ್ ತೆಗೆಯೋವಾಗ ರಾಡ್ ಹಾರಿ ಬೀಳೋದು ಯಾಕೆ? ಕೆಲವು ಬೆಂಚ್‌ನಲ್ಲಿ ಆಗುತ್ತೆ, ಕೆಲವದರಲ್ಲಿ ಆಗಲ್ಲ.

ಕಬ್ಬಿಣದ ಕಡಲೆ
ಸ್ಟ್ಯಾಂಡ್ ಎಷ್ಟು ಕಿರಿದು ಅನ್ನೋದರ ಮೇಲೆ. ಲೆಕ್ಕ ಮಾಡಿ. ಹಳೇ ಕಿರಿದಾದ ಬೆಂಚ್‌ನಲ್ಲಿ ಎರಡು ಕೊಕ್ಕೆ ನಡುವೆ 60 ಸೆಂಮೀ, ಅಂದ್ರೆ ರಾಡ್ ಮಧ್ಯದಿಂದ ಕೊಕ್ಕೆಗೆ 30. ಒಲಿಂಪಿಕ್ ಬಾರ್‌ನಲ್ಲಿ ಮೊದಲ ಪ್ಲೇಟ್ ಮಧ್ಯದಿಂದ ಸುಮಾರು 68 ಸೆಂಮೀ ದೂರ ಕೂರುತ್ತೆ, ಕೊಕ್ಕೆಯಿಂದ ಹೊರಗೆ 38. ಬಾರ್ 20 ಕೆಜಿ ಗುಣಿಸು 30 ಅಂದ್ರೆ 600. ಅದನ್ನ 38ರಿಂದ ಭಾಗಿಸಿದ್ರೆ 15.8. ಒಂದು ಕಡೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಕಡೆ 15 ಬಿಟ್ರೆ ಕಷ್ಟದಲ್ಲಿ ನಿಲ್ಲುತ್ತೆ, 20 ಬಿಟ್ರೆ ಮಗುಚುತ್ತೆ. ಕೊಕ್ಕೆ ನಡುವೆ ಒಂದು ಮೀಟರ್ ಇರೋ ರ್ಯಾಕ್‌ನಲ್ಲಿ ಅದೇ ಲೆಕ್ಕ 55 ಕೆಜಿಗೆ ಬರುತ್ತೆ, ಅದಕ್ಕೇ ಅಲ್ಲಿ ಯಾರಿಗೂ ಗೊತ್ತೇ ಆಗಲ್ಲ. ಆ ಕಡೆ ಒಂದು, ಈ ಕಡೆ ಒಂದು ತೆಗೀರಿ.

ನೇರ ಗೆರೆ
ಇದು ಮಾತ್ರ ಒಪ್ಪಿದೆ. ಪೂರ್ತಿ.

ಮೂರನೇ ಸೆಟ್
ಜಾಗ ಮೂರು ಬೆರಳು ಕೆಳಗೆ, ಕೊಕ್ಕೆ ಒಂದು ತೂತು ಕೆಳಗೆ, 45 ಕೆಜಿ, ಎದೆ ಮೇಲೆ ಒಂದು ಸೆಕೆಂಡ್. ಬರ್ಕೊಂಡೆ. ಭಾರ ಏರಿಸೋದು ಹೇಗೆ? ಇಲ್ಲಿ ಚಿಕ್ಕ ಪ್ಲೇಟ್ ಅಂದ್ರೆ 2.5, ಎರಡೂ ಕಡೆ ಹಾಕಿದ್ರೆ ಒಂದೇ ಏಟಿಗೆ 5 ಕೆಜಿ. 62.5 ಮಾಡೋಕೆ 1.25ರ ಜೋಡಿ ಪಕ್ಕದ ಜಿಮ್‌ನವರ ಹತ್ರ ಕೇಳಿ ತರಬೇಕು.

ಧಾರವಾಡ ಫೇಡೆ
ಬೆಂಚಿಗೆ 5ರ ಜಿಗಿತ ಭಾಳ ಆತು. 1.25ರ ಒಂದು ಜೋಡಿ ನೀವ ತೊಗೊಂಡು ಚೀಲದಾಗ ಇಟಗೋರಿ, ಎಷ್ಟರ ಸಲ ಕೇಳತೀರಿ. ಅಲ್ಲೀ ತನಕ ರೆಪ್ ಏರಸ್ರಿ: 45ಲೆ 5, 6, 7, 8 ಆದ ಮ್ಯಾಲ 50ಕ್ಕ ಹೋಗಿ ಮತ್ತ 5ರಿಂದ.

ಪಣಂಬೂರು ಪವರ್
ಮತ್ತೆ ಪ್ಲೇಟ್ ಮೇಲೆ ಹೆಸರು ಬರೆದಿಡಿ. ಜಿಮ್ಮಲ್ಲಿ ಮೊದಲು ಮಾಯ ಆಗುವುದೇ 1.25.